ಕಾರಿನ ಕೂಲೆಂಟ್ ದೀಪ: ಅದು ಹೊತ್ತಿದಾಗ ನೋಡತಕ್ಕ ಅಂಶಗಳು

ಹಿಂದೆ ಗ್ರಾಮದ ಯಜಮಾನರ ಕೊಟ್ಟಿಗೆಯಲ್ಲಿ ಸವಾರಿಯ ಎತ್ತುಗಳ ಜೋಡಿಯು ಹೇಗೆ ಅವಶ್ಯಕವಾಗಿತ್ತೋ ಹಾಗೆಯೇ ಈಗ ಮೋಟಾರು ಕಾರು ಅಥವಾ ಜೀಪು ಅವಶ್ಯಕವಾಗಿದೆ. ಬಿತ್ತನೆಯ ಬೀಜವನ್ನೂ ಗೊಬ್ಬರವನ್ನೂ ತರುವುದಕ್ಕೆ, ಮಾರುಕಟ್ಟೆಗೆ ಹೋಗಿಬರುವುದಕ್ಕೆ, ತಾಲ್ಲೂಕು ಕಚೇರಿಯ ಕೆಲಸಕ್ಕೆ ಅದೇ ಆಧಾರವು. ನಡುರಾತ್ರಿಯಲ್ಲಿ ಹೆರಿಗೆಯ ಬೇನೆ ಬಂದವಳನ್ನೋ, ಹಾವು ಕಡಿದವನನ್ನೋ ಆಸ್ಪತ್ರೆಗೆ ಸಾಗಿಸಬೇಕಾದಾಗ ಅನೇಕ ಊರುಗಳಲ್ಲಿ ಮೊದಲು ನೆನಪಿಗೆ ಬರುವುದು ಮುಖಂಡರ ಮನೆಯ ಕಾರು. ಇಂಥ ವಾಹನವು ದಾರಿಯ ಮಧ್ಯದಲ್ಲಿ ನಿಂತುಹೋದರೆ ಅದರಿಂದಾಗುವ ಕಷ್ಟವು ಯಜಮಾನರೊಬ್ಬರಿಗೆ ಮಾತ್ರ ತಟ್ಟುವುದಿಲ್ಲ.

ಹೀಗೆ ನಿಂತುಹೋಗುವುದಕ್ಕಿರುವ ಕಾರಣಗಳಲ್ಲಿ ಇಂಜಿನ್ನಿನ ಕಾವು ಮಿತಿಮೀರುವುದು ಮುಖ್ಯವಾದದ್ದು. ಸಾಮಾನ್ಯವಾಗಿ ಇದು ಮುನ್ಸೂಚನೆಯಿಲ್ಲದೆ ಬರತಕ್ಕದ್ದಲ್ಲ. ಚಾಲಕನ ಮುಂದಿರುವ ಫಲಕದಲ್ಲಿ ಒಂದು ಸಣ್ಣ ದೀಪವು ಹೊತ್ತಿ ಎಚ್ಚರಿಕೆಯನ್ನು ಕೊಡುವುದು. ಅದನ್ನು ಕಂಡ ಕೂಡಲೆ ಒಂದು ಬಾಟಲು ನೀರನ್ನು ಸುರಿದು, ದೀಪವು ಆರಿತೆಂದು ಸಮಾಧಾನಪಟ್ಟು ಮುಂದೆ ಹೋಗುವುದು ನಮ್ಮಲ್ಲಿ ಬಹು ಜನರ ವಾಡಿಕೆ. ಕೆರೆಯ ಏರಿಯಲ್ಲಿ ಇಲಿಯ ಬಿಲದಿಂದ ನೀರು ಸೋರುತ್ತಿರುವಾಗ ಕಾಲುವೆಯ ನೀರನ್ನು ಹೆಚ್ಚಾಗಿ ತಿರುಗಿಸಿ ಕೆರೆಯನ್ನು ತುಂಬಿಸಿದೆವೆಂದು ಯಾವ ಪಟೇಲರೂ ಸುಮ್ಮನೆ ಕುಳಿತವರಲ್ಲ. ಬಿಲವೆಲ್ಲಿದೆಯೆಂದು ಮೊದಲು ಹುಡುಕಿಸುತ್ತಿದ್ದರು. ಕಾರಿನ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆಯು ಅದೇ: ಇದ್ದ ನೀರು ಎಲ್ಲಿಗೆ ಹೋಯಿತು? ಈ ಪ್ರಶ್ನೆಗೆ ಉತ್ತರವನ್ನು ಗ್ಯಾರೇಜಿಗೆ ಹೋಗುವ ಮುಂಚೆಯೇ ಮನೆಯ ಅಂಗಳದಲ್ಲಿ ಎಷ್ಟರಮಟ್ಟಿಗೆ ಕಂಡುಕೊಳ್ಳಬಹುದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಇಂಜಿನ್ನಿಗೆ ನೀರೇಕೆ

ಇಂಜಿನ್ನಿನಲ್ಲಿ ಉರಿಯುವ ಪೆಟ್ರೋಲು ಅಥವಾ ಡೀಸೆಲ್ಲಿನ ಶಾಖವೆಲ್ಲವೂ ಚಕ್ರವನ್ನು ತಿರುಗಿಸುವುದಕ್ಕೆ ಒದಗುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮೂರರಲ್ಲೊಂದು ಪಾಲು ಕೆಲಸಕ್ಕೆ ಬರುವುದು. ಮತ್ತೊಂದು ಪಾಲು ಹೊಗೆಯೊಡನೆ ಸೈಲೆನ್ಸರಿನ ಮೂಲಕ ಹೊರಗೆ ಹೋಗುವುದು. ಉಳಿದ ಪಾಲಿನ ಬಹುಭಾಗವು ಇಂಜಿನ್ನಿನ ಲೋಹಕ್ಕೆ ಸೇರುವುದು. ಸಿಲಿಂಡರಿನೊಳಗೆ ಉರಿಯುವ ಅನಿಲದ ಶಾಖವು ಕ್ಷಣಮಾತ್ರವಾದರೂ ೨,೦೦೦ ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಅಲ್ಯೂಮಿನಿಯಮ್ಮಾದರೋ ೬೬೦ ಡಿಗ್ರಿಯಲ್ಲಿಯೇ ಕರಗತಕ್ಕ ಲೋಹವು. ಲೋಹಕ್ಕೆ ಸೇರಿದ ಶಾಖವನ್ನು ಎಡೆಬಿಡದೆ ಹೊರಕ್ಕೆ ಸಾಗಿಸುವುದೇ ನೀರಿನ ಕೆಲಸ.

ಡೀಸೆಲ್ ಪಂಪ್ ಸೆಟ್ಟನ್ನು ನಡೆಸಿದವರಿಗೆ ಇದು ಹೊಸ ಸಂಗತಿಯಲ್ಲ. ಅಂಥ ಅನೇಕ ಇಂಜಿನ್ನುಗಳಲ್ಲಿ ಬಾವಿಯಿಂದೆತ್ತಿದ ನೀರಿನ ಒಂದು ಸಣ್ಣ ಧಾರೆಯನ್ನು ಇಂಜಿನ್ನಿನ ಮೈಯೊಳಗೆ ಹಾಯಿಸಿ, ಬಿಸಿಯಾದ ನೀರನ್ನು ಹೊರಕ್ಕೆ ಬಿಡುವರು. ಕಾರಿಗೆ ಬಾವಿಯಿಲ್ಲವಾದ್ದರಿಂದ ಇರುವ ನೀರನ್ನೇ ಮತ್ತೆ ಮತ್ತೆ ತಿರುಗಿಸಬೇಕಾಗಿದೆ. ಸಾಧಾರಣ ಕಾರಿನಲ್ಲಿ ೪ ರಿಂದ ೮ ಲೀಟರಿನವರೆಗೆ ದ್ರವವಿರುವುದು. ಇದನ್ನೇ ಕೂಲೆಂಟು ಎನ್ನುವರು. ಪಂಪು ಇದನ್ನು ಇಂಜಿನ್ನಿನೊಳಗೆ ನೂಕುವುದು. ಬಿಸಿಯಾದ ಕೂಲೆಂಟು ರಬ್ಬರ್ ಕೊಳವೆಯ ಮೂಲಕ ಮುಂಭಾಗದ ರೇಡಿಯೇಟರಿಗೆ ಬಂದು, ಅಲ್ಲಿನ ತೆಳುವಾದ ತಗಡುಗಳ ನಡುವೆ ಬೀಸುವ ಗಾಳಿಗೆ ತನ್ನ ಕಾವನ್ನು ಒಪ್ಪಿಸಿ ಹಿಂದಿರುಗುವುದು. ಫೋರ್ಡ್ ಕಂಪನಿಯವರು ೧೯೦೮ ರಿಂದ ೧೯೨೭ ರವರೆಗೆ ತಯಾರಿಸಿದ ಮಾಡೆಲ್ ಟಿ ಕಾರುಗಳಲ್ಲಿ, ಮೊದಲಿನ ಕೆಲವನ್ನು ಬಿಟ್ಟರೆ, ಪಂಪೇ ಇರಲಿಲ್ಲ. ಬಿಸಿನೀರು ಮೇಲೇರುವುದು, ತಣ್ಣೀರು ಕೆಳಗಿಳಿಯುವುದು ಎಂಬ ಪ್ರಕೃತಿನಿಯಮದಿಂದಲೇ ನೀರು ತಿರುಗುತ್ತಿತ್ತು. ಈಗಿನ ಇಂಜಿನ್ನುಗಳ ಶಕ್ತಿಗೆ ಅಷ್ಟು ಸಾಲದು.

ಇಲ್ಲಿ ತಿಳಿಯಬೇಕಾದ ಇನ್ನೊಂದು ಅಂಶವಿದೆ. ನೀರು ಸಮುದ್ರಮಟ್ಟದಲ್ಲಿ ೧೦೦ ಡಿಗ್ರಿಗೆ ಕುದಿಯುವುದಾದರೂ ಎತ್ತರದ ಪ್ರದೇಶಗಳಲ್ಲಿ ಇನ್ನೂ ಬೇಗನೆ ಕುದಿಯುವುದು. ಬೆಂಗಳೂರಿನಲ್ಲಿ ಸುಮಾರು ೯೭ ಡಿಗ್ರಿ, ಮಡಿಕೇರಿಯಲ್ಲಿ ಸುಮಾರು ೯೬ ಡಿಗ್ರಿ. ಆದರೆ ಇಂಜಿನ್ನು ಚೆನ್ನಾಗಿ ನಡೆಯುವುದಕ್ಕೆ ೮೫ ರಿಂದ ೧೦೫ ಡಿಗ್ರಿಯ ಕಾವು ಬೇಕು. ಆದಕಾರಣ ಮುಚ್ಚಳವನ್ನು ಭದ್ರಪಡಿಸಿ ಒಳಗೆ ಒತ್ತಡವನ್ನು ಉಳಿಸುವರು. ಹೊರಗಿನ ಗಾಳಿಯ ಒತ್ತಡದಷ್ಟೇ ಇನ್ನೊಂದು ಒತ್ತಡವು ಒಳಗೆ ಸೇರಿದರೆ ನೀರು ೧೨೦ ಡಿಗ್ರಿಯವರೆಗೂ ಕುದಿಯದೆ ನಿಲ್ಲುವುದು. ಮನೆಯ ಕುಕ್ಕರಿನ ಯುಕ್ತಿಯೂ ಇದೇ. ಕುಕ್ಕರಿನ ಮುಚ್ಚಳವನ್ನು ಹಬೆಯಿರುವಾಗ ತೆಗೆಯಬಾರದೆಂದು ಬಲ್ಲವರು ಕೂಡ ಕಾರಿನ ಮುಚ್ಚಳವನ್ನು ತೆಗೆಯಹೋಗಿ ಮುಖವನ್ನೂ ಕೈಯನ್ನೂ ಸುಟ್ಟುಕೊಳ್ಳುವುದುಂಟು.

ದೀಪಗಳು ಎರಡು ಬಗೆ

೧೯೨೦ರ ದಶಕದ ಅನೇಕ ಕಾರುಗಳಲ್ಲಿ ರೇಡಿಯೇಟರಿನ ಮುಚ್ಚಳದ ಮೇಲೆಯೇ ಬಾಯ್ಸ್ ಮೋಟೋಮೀಟರ್ ಎಂಬ ಉಷ್ಣಮಾಪಕವನ್ನು ನಿಲ್ಲಿಸಿರುತ್ತಿದ್ದರು. ಅದರ ಕೆಂಪು ರೇಖೆಯು ಏರುವುದನ್ನು ಚಾಲಕನು ಕುಳಿತಲ್ಲಿಂದಲೇ ನೋಡುತ್ತಿದ್ದನು. ಈಗ ಆ ಕೆಲಸವನ್ನು ಫಲಕದ ಮುಳ್ಳೂ ದೀಪಗಳೂ ಮಾಡುವುವು. ಆದರೆ ಎಲ್ಲಾ ದೀಪವೂ ಒಂದೇ ಮಾತನ್ನು ಹೇಳುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಒಂದನೆಯದು ಕಾವಿನ ದೀಪ. ನೀರಿನ ಅಲೆಗಳ ಮೇಲೆ ಉಷ್ಣಮಾಪಕವನ್ನು ನಿಲ್ಲಿಸಿದಂತೆ ಇದರ ಚಿತ್ರವಿರುವುದು. ಕೆಂಪಾಗಿ ಹೊತ್ತಿದರೆ ಇಂಜಿನ್ನು ಅಪಾಯದ ಕಾವನ್ನು ಮುಟ್ಟಿದೆಯೆಂದು ಅರ್ಥ. ಮುಳ್ಳಿಲ್ಲದ ಹಲವು ಸಣ್ಣ ಕಾರುಗಳಲ್ಲಿ ಇದೇ ಚಿತ್ರವು ಬೆಳಗ್ಗೆ ನೀಲಿಯಾಗಿ ಹೊತ್ತಿ ಸ್ವಲ್ಪ ಹೊತ್ತಿನಲ್ಲಿ ಆರುವುದು. ಇಂಜಿನ್ನು ಇನ್ನೂ ತಣ್ಣಗಿದೆ, ವೇಗವಾಗಿ ಓಡಿಸಬೇಡವೆಂಬುದೇ ಅದರ ಸೂಚನೆ, ಗಾಬರಿಗೆ ಕಾರಣವಿಲ್ಲ.

ಎರಡನೆಯದು ಮಟ್ಟದ ದೀಪ. ಅಲೆಗಳಿರುವ ಒಂದು ತೊಟ್ಟಿಯ ಚಿತ್ರವನ್ನು ಇದಕ್ಕೆ ಕೊಟ್ಟಿರುವುದುಂಟು. ಕೆಲವು ಕಾರುಗಳಲ್ಲಿ ಮೊದಲಿನ ಚಿತ್ರವೇ ಮಿಣುಕುವುದೂ ಉಂಟು. ಬಾನೆಟ್ಟಿನ ಕೆಳಗಿರುವ ಕೂಲೆಂಟ್ ಡಬ್ಬದಲ್ಲಿ ದ್ರವವು ಕಡಮೆಯಾಗಿದೆಯೆಂದು ಇದು ತಿಳಿಸುವುದು. ಕೆಲವು ಗಾಡಿಗಳಲ್ಲಿ ಡಬ್ಬದೊಳಗೆ ತೇಲುವ ಬೆಂಡಿನಿಂದ ಇದು ಕೆಲಸ ಮಾಡುವುದು. ಫೋಕ್ಸ್‌ವ್ಯಾಗನ್, ಸ್ಕೋಡಾ ಮುಂತಾದವುಗಳಲ್ಲಿ ಎರಡು ಲೋಹದ ಕಡ್ಡಿಗಳು ದ್ರವದಲ್ಲಿ ಮುಳುಗಿರುವುವು. ಕಡ್ಡಿಯಿಂದ ಕಡ್ಡಿಗೆ ಕೂಲೆಂಟಿನ ಮೂಲಕ ವಿದ್ಯುತ್ತು ಹರಿಯುತ್ತಿರುವವರೆಗೆ ದೀಪವು ಹೊತ್ತುವುದಿಲ್ಲ. ಎಲ್ಲಾ ಕಾರುಗಳಲ್ಲಿಯೂ ಮಟ್ಟದ ದೀಪವಿಲ್ಲವಾದ್ದರಿಂದ ತಮ್ಮ ಗಾಡಿಯಲ್ಲಿ ಯಾವುದಿದೆಯೆಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು.

ಮಟ್ಟದ ದೀಪವು ಹಳದಿಯೆಂದು ಅದನ್ನು ಕಿರಿದಾಗಿ ಎಣಿಸುವುದು ಸರಿಯಲ್ಲ. ಕಾವನ್ನು ಅಳೆಯುವ ಸೆನ್ಸರು ದ್ರವದಲ್ಲಿ ಮುಳುಗಿರುವಾಗ ಮಾತ್ರ ನಿಜವನ್ನು ಹೇಳುವುದು. ಕೂಲೆಂಟು ಬಹಳ ಸೋರಿಹೋಗಿ ಸೆನ್ಸರಿನ ಸುತ್ತಲೂ ಬರಿಯ ಗಾಳಿಯೋ ಹಬೆಯೋ ಉಳಿದಾಗ ಇಂಜಿನ್ನು ಸುಡುತ್ತಿದ್ದರೂ ಮುಳ್ಳು ಕೆಳಗೇ ನಿಂತಿರುವ ಸಂಭವವುಂಟು. ಮುಳ್ಳು ಸರಿಯಾಗಿದೆಯಲ್ಲಾ ಎಂದು ನಂಬಿ ಓಡಿಸಿದವರ ಇಂಜಿನ್ನುಗಳು ಗ್ಯಾರೇಜುಗಳಲ್ಲಿ ಬಿಚ್ಚಿಬಿದ್ದಿರುವುದು ವಿರಳವಲ್ಲ.

ದೀಪ ಹೊತ್ತಿದ ಕೂಡಲೆ

ಕೆಂಪು ದೀಪವು ಹೊತ್ತಿದರೆ ಊರು ಇನ್ನು ಎರಡೇ ಮೈಲಿಯೆಂದು ಮುಂದುವರಿಯಕೂಡದು. ಏ.ಸಿ.ಯನ್ನು ನಿಲ್ಲಿಸಿ, ಒಳಗಿನ ಹೀಟರನ್ನು ಪೂರ್ತಿಯಾಗಿ ತಿರುಗಿಸಿ, ಅದರ ಗಾಳಿಯನ್ನು ಜೋರಾಗಿ ಬಿಟ್ಟು, ರಸ್ತೆಯ ಪಕ್ಕದಲ್ಲಿ ಭದ್ರವಾದ ಸ್ಥಳ ಸಿಕ್ಕಿದಲ್ಲಿ ನಿಲ್ಲಿಸಿ ಇಂಜಿನ್ನನ್ನು ಆರಿಸತಕ್ಕದ್ದು. ಬೇಸಗೆಯಲ್ಲಿ ಹೀಟರೇ ಎಂದು ಒಳಗೆ ಕುಳಿತವರು ಆಕ್ಷೇಪಿಸಿಯಾರು. ಹೀಟರೆಂಬುದು ಒಂದು ಸಣ್ಣ ರೇಡಿಯೇಟರೇ. ನಿಲ್ಲಿಸುವ ಸ್ಥಳವನ್ನು ಹುಡುಕುವ ಆ ಅರೆನಿಮಿಷದಲ್ಲಿ ಅದು ಸ್ವಲ್ಪ ಕಾವನ್ನು ತೆಗೆದುಕೊಳ್ಳುವುದು. ಹೀಟರನ್ನು ತಿರುಗಿಸಿದರೂ ತಣ್ಣನೆಯ ಗಾಳಿಯೇ ಬಂದರೆ ಇಂಜಿನ್ನಿನಲ್ಲಿ ಕೂಲೆಂಟು ಬಹುಮಟ್ಟಿಗೆ ಬತ್ತಿದೆಯೆಂದು ತಿಳಿದು ಅಲ್ಲಿಯೇ ನಿಲ್ಲಿಸಬೇಕು.

ನಿಂತ ಮೇಲೆ ಮುಚ್ಚಳವನ್ನು ಮುಟ್ಟಕೂಡದು. ತೆರೆದ ಕ್ಷಣದಲ್ಲಿಯೇ ಒತ್ತಡವು ಇಳಿದು, ಒಳಗಿನ ದ್ರವವು ಒಮ್ಮೆಲೆ ಕುದಿದು ಮುಖಕ್ಕೆ ಚಿಮ್ಮುವುದು. ಹಬೆ ಬರುತ್ತಿದ್ದರೆ ಬಾನೆಟ್ಟನ್ನೂ ತೆರೆಯದೆ ಕಾಯಬೇಕು. ಅರ್ಧ ಗಂಟೆಯಾದರೂ ಕಳೆದು, ರೇಡಿಯೇಟರಿನ ಮೇಲಿನ ಕೊಳವೆಯನ್ನು ಬರಿಗೈಯಿಂದ ಹಿಡಿದುಕೊಳ್ಳುವಷ್ಟು ತಣ್ಣಗಾದ ನಂತರ, ದಪ್ಪನೆಯ ಬಟ್ಟೆಯನ್ನು ಹಾಕಿ ಮುಚ್ಚಳವನ್ನು ಸ್ವಲ್ಪವೇ ತಿರುಗಿಸಿ, ಸುಯ್ಯೆಂಬ ಶಬ್ದವು ನಿಂತ ಮೇಲೆ ಪೂರ್ತಿಯಾಗಿ ತೆಗೆಯತಕ್ಕದ್ದು. ಕಾದ ಇಂಜಿನ್ನಿಗೆ ತಣ್ಣೀರನ್ನು ಹೊಯ್ಯುವುದೂ, ಅದರ ಮೇಲೆ ಕೊಡದಿಂದ ಸುರಿಯುವುದೂ ಬಹಳ ಕೆಟ್ಟ ಪದ್ಧತಿಗಳು. ಕಾದ ಕಲ್ಲಿನ ಮೇಲೆ ನೀರು ಬಿದ್ದರೆ ಏನಾಗುವುದೆಂಬುದನ್ನು ಬಂಡೆ ಒಡೆಯುವವರಿಂದ ಕೇಳಬಹುದು.

ನಿಲ್ಲಿಸದೆ ಓಡಿಸಿದರೆ ಆಗುವುದೇನು? ಈಗಿನ ಇಂಜಿನ್ನುಗಳ ಮೇಲ್ಭಾಗವಾದ ಹೆಡ್ಡು ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನದು. ಕಾವಿಗೆ ಇದು ಎರಕದ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುವುದು. ಮಿತಿಮೀರಿ ಕಾದಾಗ ಹೆಡ್ಡು ಸೊಟ್ಟಗಾಗಿ, ಅದರ ಕೆಳಗಿನ ಗ್ಯಾಸ್ಕೆಟ್ಟು ಹರಿದು, ನೀರು, ಎಣ್ಣೆ, ಬೆಂಕಿ ಮೂರೂ ಒಂದರ ದಾರಿಯಲ್ಲಿ ಒಂದು ನುಗ್ಗುವುವು. ಇನ್ನೂ ಮುಂದುವರಿದರೆ ಪಿಸ್ಟನ್ನುಗಳು ಸಿಲಿಂಡರಿನಲ್ಲಿ ಕಚ್ಚಿಕೊಂಡು ಇಂಜಿನ್ನು ಸ್ತಬ್ಧವಾಗುವುದು. ಸಡಿಲವಾದ ಒಂದು ಕ್ಲಿಪ್ಪಿನಿಂದ ಆರಂಭವಾದ ಕೆಲಸವು ಇಂಜಿನ್ನನ್ನೇ ಇಳಿಸಿ ಬಿಚ್ಚುವುದರಲ್ಲಿ ಮುಗಿಯುವುದು. ಇಷ್ಟಕ್ಕೆ ಐದು ನಿಮಿಷಗಳ ಓಟವೂ ಸಾಕಾಗಬಹುದು.

ಸೋರಿಕೆಯನ್ನು ಹುಡುಕುವ ಕ್ರಮ

ಬೆಳಗ್ಗೆ ಇಂಜಿನ್ನನ್ನು ಚಾಲೂ ಮಾಡುವುದಕ್ಕೆ ಮುಂಚೆ, ಗಾಡಿಯು ಸಮನಾದ ನೆಲದ ಮೇಲಿರುವಾಗ, ಡಬ್ಬದ ಮಟ್ಟವನ್ನು ನೋಡತಕ್ಕದ್ದು. ಡಬ್ಬದ ಹೊರಮೈಯಲ್ಲಿ ಕನಿಷ್ಠ, ಗರಿಷ್ಠವೆಂದು ಎರಡು ಗೆರೆಗಳಿರುವುವು. ದ್ರವವು ಇವೆರಡರ ನಡುವೆ ಇರಬೇಕು. ಮಟ್ಟವು ಸರಿಯಾಗಿದ್ದರೂ ಮಟ್ಟದ ದೀಪವು ಹೊತ್ತಿದರೆ ದೋಷವು ಸೆನ್ಸರಿನದಾಗಿರಬಹುದು: ಅದಕ್ಕೆ ಹೋಗುವ ತಂತಿಯ ಕೊಂಡಿ ಸಡಿಲವಾಗಿರುವುದು, ಕಡ್ಡಿಗಳ ಮೇಲೆ ಕೆಸರು ಕಟ್ಟಿರುವುದು, ಬೆಂಡು ಸಿಕ್ಕಿಕೊಂಡಿರುವುದು. ತಂತಿಯನ್ನು ಇಲಿಗಳು ಕಡಿದುಹಾಕಿರುವುದೂ ಉಂಟು. ಧಾನ್ಯದ ಕಣಜದ ಪಕ್ಕದಲ್ಲಿ ಕಾರನ್ನು ನಿಲ್ಲಿಸುವವರು ಮೊದಲು ಇದನ್ನೇ ಪರೀಕ್ಷಿಸುವುದು ಮೇಲು.

ಮಟ್ಟವು ಕಡಮೆಯಾಗಿದ್ದರೆ ಗರಿಷ್ಠ ಗೆರೆಯವರೆಗೆ ತುಂಬಿ, ಎಷ್ಟು ತುಂಬಿದಿರೆಂಬುದನ್ನು ಅಳೆದು, ದಿನಾಂಕವನ್ನೂ ಗಾಡಿಯು ಓಡಿದ ಕಿಲೋಮೀಟರುಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಖಿರ್ದಿ ಖಾತೆಗಳನ್ನು ಬಲ್ಲವರಿಗೆ ಇದೊಂದು ಶ್ರಮವಲ್ಲ. ಕೂಲೆಂಟು ಎಣ್ಣೆಯಂತೆ ಸವೆದುಹೋಗತಕ್ಕ ಪದಾರ್ಥವಲ್ಲ. ಭದ್ರವಾದ ವ್ಯವಸ್ಥೆಯಲ್ಲಿ ತಿಂಗಳುಗಟ್ಟಲೆ ಮಟ್ಟವು ಗಮನಕ್ಕೆ ಬರುವಷ್ಟು ಇಳಿಯುವುದಿಲ್ಲ. ವಾರಕ್ಕೆ ಕಾಲು ಲೀಟರು ಬೇಕಾಗುತ್ತಿದೆಯೆಂದು ಪುಸ್ತಕವು ತೋರಿಸಿದರೆ ಎಲ್ಲಿಯೋ ಸೋರಿಕೆಯಿದೆಯೆಂಬುದು ಸಿದ್ಧವು. ಡ್ರೈವರನ ಬಾಯಿಮಾತಿನ ಮೇಲೆ ಇದನ್ನು ಬಿಡಬಾರದು. ಅವನು ದಿನವೂ ಒಂದು ಲೋಟ ಸುರಿಯುತ್ತಿದ್ದರೆ ಅವನಿಗೆ ಅದು ವಾಡಿಕೆಯಾಗಿರುವುದೇ ಹೊರತು ದೋಷವಾಗಿ ಕಾಣುವುದಿಲ್ಲ.

ಬಳಿಕ ರಾತ್ರಿ ಗಾಡಿಯ ಕೆಳಗೆ ರಟ್ಟಿನ ಹಾಳೆಗಳನ್ನು ಹಾಸಿ ಬೆಳಗ್ಗೆ ನೋಡಬೇಕು. ಏ.ಸಿ.ಯಿಂದ ತೊಟ್ಟಿಕ್ಕುವುದು ಬಣ್ಣವಿಲ್ಲದ ಶುದ್ಧ ನೀರು. ಅದರ ಚಿಂತೆ ಬೇಡ. ಕೂಲೆಂಟಿಗೆ ಹಸಿರು, ಕೆಂಪು, ನೀಲಿ ಮೊದಲಾದ ಬಣ್ಣವೊಂದಿರುವುದು, ಬೆರಳಿಗೆ ಜಾರುವುದು, ಸಿಹಿಯಾದ ವಾಸನೆಯಿರುವುದು. ರುಚಿ ನೋಡಕೂಡದು, ವಿಷವು. ಕಲೆಯು ಯಾವ ಭಾಗದ ಕೆಳಗೆ ಬಿದ್ದಿದೆಯೋ ಅದರ ಮೇಲ್ಗಡೆ ಹುಡುಕಬೇಕು. ಸಣ್ಣ ಸೋರಿಕೆಗಳು ನೆಲಕ್ಕೆ ಬೀಳುವ ಮುಂಚೆಯೇ ಕಾವಿಗೆ ಒಣಗಿ, ಕೊಳವೆಯ ಸಂದಿನಲ್ಲಿ ಬಿಳಿಯ ಅಥವಾ ಬಣ್ಣದ ಹಕ್ಕಳೆಯನ್ನು ಮಾತ್ರ ಬಿಟ್ಟಿರುವುವು. ಈ ಹಕ್ಕಳೆಯೇ ಕಳ್ಳನ ಹೆಜ್ಜೆಯ ಗುರುತು. ಕೊಳವೆಗಳ ತುದಿಯ ಕ್ಲಿಪ್ಪುಗಳು, ಹಳತಾಗಿ ಉಬ್ಬಿದ ಅಥವಾ ಬಿರುಕುಬಿಟ್ಟ ರಬ್ಬರು, ರೇಡಿಯೇಟರಿನ ಪ್ಲಾಸ್ಟಿಕ್ ಅಂಚು, ಪಂಪಿನ ಕೆಳಗಿರುವ ಸಣ್ಣ ರಂಧ್ರ, ಇವುಗಳನ್ನು ಕ್ರಮವಾಗಿ ನೋಡಬೇಕು. ಪಂಪಿನ ರಂಧ್ರವನ್ನು ಬೇಕೆಂದೇ ಇಟ್ಟಿರುವರು; ಒಳಗಿನ ಸೀಲು ಸವೆದಾಗ ನೀರು ಅಲ್ಲಿಂದ ಹೊರಬಿದ್ದು ತಿಳಿಯಪಡಿಸುವುದು. ಅದನ್ನು ಎಂ-ಸೀಲಿನಿಂದ ಮುಚ್ಚಿಬಿಡುವ ಜಾಣತನವನ್ನು ಯಾರೂ ಮಾಡಬಾರದು. ಮುಚ್ಚಳದ ರಬ್ಬರು ಗಟ್ಟಿಯಾಗಿ ಒತ್ತಡವು ನಿಲ್ಲದಿದ್ದರೂ ಕೂಲೆಂಟು ಕುದಿದು ಹೊರಹೋಗುವುದು. ಮುಚ್ಚಳವು ಇಡೀ ವ್ಯವಸ್ಥೆಯಲ್ಲಿ ಅಗ್ಗವಾದ ಭಾಗಗಳಲ್ಲೊಂದಾದ್ದರಿಂದ ಸಂಶಯ ಬಂದರೆ ಅದನ್ನು ಮೊದಲು ಬದಲಾಯಿಸಬಹುದು.

ಹೊರಗೆ ಎಲ್ಲಿಯೂ ಒದ್ದೆಯಿಲ್ಲ, ಆದರೂ ಮಟ್ಟವು ಇಳಿಯುತ್ತಿದೆ ಎಂದಾದರೆ ನೀರು ಒಳಗೇ ಹೋಗುತ್ತಿರಬೇಕು. ಮುಂದಿನ ಆಸನದ ಕಾಲಡಿಯ ಜಮಖಾನವು ತೇವವಾಗಿ ಗಾಜಿನ ಮೇಲೆ ಜಿಡ್ಡಾದ ಮಂಜು ಕಟ್ಟುತ್ತಿದ್ದರೆ ಹೀಟರಿನ ಸೋರಿಕೆ. ಇಂಜಿನ್ನು ಕಾದ ಮೇಲೆಯೂ ಸೈಲೆನ್ಸರಿನಿಂದ ಸಿಹಿವಾಸನೆಯ ಬಿಳಿಯ ಹೊಗೆ ನಿಲ್ಲದಿರುವುದು, ಇಂಜಿನ್ನು ನಡೆಯುವಾಗ ಡಬ್ಬದೊಳಗೆ ಗುಳ್ಳೆಗಳು ಏಳುತ್ತಿರುವುದು, ತಣ್ಣನೆಯ ಇಂಜಿನ್ನನ್ನು ಚಾಲೂ ಮಾಡಿದ ಒಂದೆರಡು ನಿಮಿಷದಲ್ಲಿಯೇ ಮೇಲಿನ ಕೊಳವೆ ಕಲ್ಲಿನಂತೆ ಬಿಗಿಯುವುದು, ಎಣ್ಣೆಯ ಕಡ್ಡಿಯಲ್ಲಿ ಎಣ್ಣೆಯು ಹಾಲು ಬೆರೆತ ಕಾಫಿಯಂತೆ ಕಾಣುವುದು, ಇವು ಗ್ಯಾಸ್ಕೆಟ್ಟು ಹರಿದಿರುವುದರ ಲಕ್ಷಣಗಳು. ಮಳೆಗಾಲದಲ್ಲಿ ಹತ್ತಿರದ ಓಡಾಟಕ್ಕೆ ಮಾತ್ರ ಉಪಯೋಗಿಸುವ ಗಾಡಿಯಲ್ಲಿ ಎಣ್ಣೆ ತುಂಬುವ ಮುಚ್ಚಳದ ಒಳಗಡೆ ಸ್ವಲ್ಪ ಬಿಳಿಯ ಕೆನೆ ಕಟ್ಟುವುದು ಗಾಳಿಯ ತೇವದಿಂದಲೂ ಆಗುವುದು. ಅಷ್ಟಕ್ಕೇ ಹೆಡ್ಡನ್ನು ಬಿಚ್ಚಿಸಬಾರದು. ಕಡ್ಡಿಯ ಎಣ್ಣೆಯನ್ನು ನೋಡಿ ನಿರ್ಧರಿಸತಕ್ಕದ್ದು. ಡೀಸೆಲ್ ಗಾಡಿಗಳಲ್ಲಿ ಹೊಗೆಯನ್ನು ತಣಿಸುವ ಇ.ಜಿ.ಆರ್. ಕೂಲರೆಂಬ ಭಾಗವೂ ಒಳಗೇ ಸೋರಬಹುದೆಂಬುದನ್ನು ಮೆಕ್ಯಾನಿಕ್ಕಿಗೆ ನೆನಪಿಸಬೇಕು. ಗ್ಯಾಸ್ಕೆಟ್ಟಿನ ಸಂಶಯ ಬಂದ ಗಾಡಿಯನ್ನು ಓಡಿಸಿಕೊಂಡು ಹೋಗದೆ ಎಳೆಸಿಕೊಂಡು ಹೋಗುವುದೇ ಕ್ಷೇಮ.

ನೀರಿದ್ದರೂ ಕಾವೇರುವುದು

ಡಬ್ಬವು ತುಂಬಿದೆ, ಸೋರಿಕೆಯಿಲ್ಲ, ಆದರೂ ಕೆಂಪು ದೀಪವು ಹೊತ್ತುವುದೆಂದರೆ ನೀರಿನ ಕಾವು ಗಾಳಿಗೆ ಸೇರುತ್ತಿಲ್ಲವೆಂದರ್ಥ. ಇಲ್ಲಿ ದೀಪವು ಯಾವಾಗ ಹೊತ್ತಿತೆಂಬುದೇ ಅರ್ಧ ಉತ್ತರವು. ಸಂತೆಯ ಜನಜಂಗುಳಿಯಲ್ಲಿ ನಿಂತು ನಿಂತು ಹೋಗುವಾಗ ಹೊತ್ತಿ, ಹೆದ್ದಾರಿಯಲ್ಲಿ ಓಡುವಾಗ ಆರಿದರೆ ರೇಡಿಯೇಟರಿನ ಫ್ಯಾನು ಕೆಲಸ ಮಾಡುತ್ತಿಲ್ಲ. ಇಂಜಿನ್ನನ್ನು ನಡೆಸಿ ಏ.ಸಿ.ಯನ್ನು ಹಾಕಿದರೆ ಬಹುಪಾಲು ಕಾರುಗಳಲ್ಲಿ ಫ್ಯಾನು ತಿರುಗಬೇಕು. ತಿರುಗದಿದ್ದರೆ ಫ್ಯೂಸು, ರಿಲೇ, ತಂತಿ, ಮೋಟಾರು ಹೀಗೆ ಒಂದೊಂದಾಗಿ ನೋಡಿಸಬೇಕು. ಫ್ಯಾನು ತಾನಾಗಿಯೇ ತಿರುಗತಕ್ಕದ್ದಾದ್ದರಿಂದ ಕೈಯನ್ನು ಅದರ ಬಳಿಗೆ ಒಯ್ಯಬಾರದು.

ಹೆದ್ದಾರಿಯಲ್ಲಿ, ಅಥವಾ ಶಿರಾಡಿ, ಚಾರ್ಮಾಡಿ, ಆಗುಂಬೆಯ ಘಾಟಿಗಳನ್ನು ಹತ್ತುವಾಗ ದೀಪವು ಹೊತ್ತಿ, ನಿಧಾನವಾಗಿ ಹೋದಾಗ ಆರಿದರೆ ರೇಡಿಯೇಟರು ಒಳಗೋ ಹೊರಗೋ ಕಟ್ಟಿಕೊಂಡಿರುವುದು, ಇಲ್ಲವೆ ಪಂಪು, ಥರ್ಮೋಸ್ಟಾಟುಗಳಲ್ಲಿ ದೋಷವಿರುವುದು. ಥರ್ಮೋಸ್ಟಾಟೆಂಬುದು ತೂಬಿನ ಗಂಟೆಯಿದ್ದಂತೆ. ತಣ್ಣಗಿರುವಾಗ ಮುಚ್ಚಿದ್ದು, ೮೦ ರಿಂದ ೯೦ ಡಿಗ್ರಿಯ ಸುಮಾರಿನಲ್ಲಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವುದು. ಅದು ಮುಚ್ಚಿದಂತೆಯೇ ಕಚ್ಚಿಕೊಂಡರೆ ಇಂಜಿನ್ನು ಸುಡುತ್ತಿರುವಾಗಲೂ ರೇಡಿಯೇಟರಿನ ಕೆಳಗಿನ ಕೊಳವೆ ತಣ್ಣಗಿರುವುದು. ಕೆಲವು ಮೆಕ್ಯಾನಿಕ್ಕುಗಳು ‘ನಮ್ಮ ಸೀಮೆಯ ಬಿಸಿಲಿಗೆ ಇದು ಬೇಡ’ ಎಂದು ಥರ್ಮೋಸ್ಟಾಟನ್ನು ಕಿತ್ತು ಬಿಸಾಡುವರು. ಈ ಸಲಹೆಯನ್ನು ಒಪ್ಪಕೂಡದು. ಹಾಗೆ ಮಾಡಿದ ಇಂಜಿನ್ನು ತಕ್ಕ ಕಾವಿಗೆ ಬರಲು ತಡವಾಗಿ, ಇಂಧನವನ್ನು ಹೆಚ್ಚು ಕುಡಿದು, ಬೇಗನೆ ಸವೆಯುವುದು.

ರೇಡಿಯೇಟರಿನ ಹೊರಮೈ ಕಟ್ಟಿಕೊಳ್ಳುವ ವಿಷಯವು ನಮ್ಮ ಇಲಾಖೆಗೆ ಹತ್ತಿರವಾದದ್ದು. ಸುಗ್ಗಿಯ ಕಾಲದಲ್ಲಿ ಮೈದಾನದ ಜಿಲ್ಲೆಗಳಲ್ಲಿ ರಾಗಿಯ ತೆನೆ, ಹುರುಳಿ, ಅವರೆಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಹೋಗಿಬರುವ ವಾಹನಗಳಿಂದಲೇ ಒಕ್ಕಣೆಯನ್ನು ಮಾಡಿಸಿಕೊಳ್ಳುವರು. ರೈತನಿಗೆ ಕೂಲಿ ಉಳಿಯಿತೆಂದು ಸಂತೋಷ. ಆದರೆ ಹೊಟ್ಟೂ ಸುಂಕೂ ಗಾಳಿಯೊಡನೆ ನುಗ್ಗಿ ರೇಡಿಯೇಟರಿನ ತಗಡುಗಳ ಮಧ್ಯೆ ತುಂಬಿಕೊಳ್ಳುವುವು. ಹುರುಳಿಯ ಬಳ್ಳಿಯು ಗಾಡಿಯ ಅಡಿಯಲ್ಲಿ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಗುಲಿ ಬೆಂಕಿ ಹತ್ತುವ ಸಂಭವವೂ ಉಂಟು. ಮೋಟಾರು ಸೈಕಲಿನವರು ಜಾರಿ ಬೀಳುವುದಂತೂ ಎಲ್ಲರೂ ಕಂಡದ್ದೇ. ಊರಿಗೊಂದು ಗಟ್ಟಿಯಾದ ಸಾಮೂಹಿಕ ಕಣವನ್ನು ಮಾಡಿಸಿ ಈ ಪದ್ಧತಿಯನ್ನು ನಿಲ್ಲಿಸುವುದು ಮುಖಂಡರಿಂದ ಆಗಬೇಕಾದ ಕೆಲಸ. ಅದು ಆಗುವವರೆಗೆ ಇಂಥ ರಸ್ತೆಯಲ್ಲಿ ಬಂದ ದಿನವೇ ಗಾಡಿಯ ಅಡಿಯನ್ನು ನೋಡಿ ಹುಲ್ಲನ್ನು ತೆಗೆಸಬೇಕು. ರೇಡಿಯೇಟರಿನ ಹೊಟ್ಟನ್ನು ಇಂಜಿನ್ನು ತಣ್ಣಗಿರುವಾಗ ಒಳಗಡೆಯಿಂದ ಹೊರಗಡೆಗೆ, ಹೊಟ್ಟು ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೋಗುವಂತೆ, ಮೆಲ್ಲನೆಯ ನೀರಿನಿಂದ ತೊಳೆಯತಕ್ಕದ್ದು. ಜೋರಾದ ಧಾರೆಯನ್ನು ಹಿಡಿದರೆ ಕಾಗದದಷ್ಟು ತೆಳುವಾದ ತಗಡುಗಳು ಮಡಿಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುವುದು. ಟ್ರಾಕ್ಟರಿಗೂ ಒಕ್ಕಣೆಯ ಯಂತ್ರಗಳಿಗೂ ಇದೇ ಕ್ರಮವು.

ಯಾವ ನೀರನ್ನು ತುಂಬಬೇಕು

ದಾರಿಯಲ್ಲಿ ಸಿಕ್ಕಿಕೊಂಡಾಗ ಕುಡಿಯುವ ನೀರು ಯಾವುದಾದರೂ ಸರಿ. ಇಂಜಿನ್ನನ್ನು ಒಣಗಿಸಿ ಓಡಿಸುವುದಕ್ಕಿಂತ ಅದು ಮೇಲು. ಆದರೆ ಅದನ್ನೇ ಕಾಯಂ ಮಾಡಬಾರದು. ಕೊಳವೆಬಾವಿಯ ಗಡಸುನೀರನ್ನು ಕಾಯಿಸಿದ ಹಂಡೆಯ ಒಳಗೆ ಕಟ್ಟುವ ಸುಣ್ಣದ ಪೊರೆಯನ್ನು ಎಲ್ಲರೂ ಬಲ್ಲರು. ಅದೇ ಪೊರೆಯು ರೇಡಿಯೇಟರಿನ ಸಣ್ಣ ನಾಳಗಳೊಳಗೆ ಕಟ್ಟಿದರೆ ತೆಗೆಯುವುದು ಕಷ್ಟ. ಬ್ಯಾಟರಿಗೆ ಹಾಕುವ ಶುದ್ಧ ನೀರನ್ನೇ ಉಪಯೋಗಿಸತಕ್ಕದ್ದು.

ನಮ್ಮ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಲ್ಲಾ, ಕೂಲೆಂಟಿಗೆ ದುಡ್ಡೇಕೆ ಎಂದು ಕೇಳುವವರಿದ್ದಾರೆ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಎಂಬ ದ್ರವವು ಹೆಪ್ಪುಗಟ್ಟುವುದನ್ನು ತಡೆಯುವುದಲ್ಲದೆ ಕುದಿಯುವ ಮಟ್ಟವನ್ನೂ ಏರಿಸುವುದು. ಅದರೊಡನೆ ಸೇರಿಸಿರುವ ರಾಸಾಯನಿಕಗಳು ಕಬ್ಬಿಣವು ತುಕ್ಕುಹಿಡಿಯದಂತೆಯೂ ಅಲ್ಯೂಮಿನಿಯಮ್ಮು ಸವೆಯದಂತೆಯೂ ಕಾಪಾಡುವುವು. ಬರಿಯ ನೀರನ್ನು ತುಂಬಿದ ಗಾಡಿಯಲ್ಲಿ ಈ ರಕ್ಷಣೆಯೊಂದೂ ಇಲ್ಲ. ಅಂಗಡಿಯಲ್ಲಿ ದೊರೆಯುವ ಕೂಲೆಂಟಿನಲ್ಲಿ ನೀರು ಬೆರೆಸಿ ಸಿದ್ಧಮಾಡಿದ್ದೂ, ಬೆರೆಸದ ಗಟ್ಟಿಯಾದದ್ದೂ ಉಂಟು. ಗಟ್ಟಿಯಾದದ್ದಕ್ಕೆ ಸಾಮಾನ್ಯವಾಗಿ ಸಮಪಾಲು ಶುದ್ಧ ನೀರನ್ನು ಬೆರೆಸಬೇಕು. ಬಣ್ಣವನ್ನು ನೋಡಿ ಜಾತಿಯನ್ನು ನಿರ್ಣಯಿಸಬಾರದು. ಬಣ್ಣವು ತಯಾರಕರ ಇಷ್ಟದಂತೆ ಇರುವುದು. ಜಾತಿ ಬೇರೆಯಾದ ಎರಡನ್ನು ಬೆರೆಸಿದರೆ ಕೆಲವು ವೇಳೆ ಬಗ್ಗಡವಾಗಿ ನಾಳಗಳು ಕಟ್ಟಿಕೊಳ್ಳುವುವು. ಕೈಪಿಡಿಯಲ್ಲಿ ಹೇಳಿರುವ ಜಾತಿಯನ್ನೇ ತಂದು, ಅಲ್ಲಿ ಹೇಳಿರುವ ಅವಧಿಗೆ ಬದಲಾಯಿಸತಕ್ಕದ್ದು.

ಕೂಲೆಂಟನ್ನು ಪೂರ್ತಿಯಾಗಿ ಬದಲಾಯಿಸಿದಾಗ ಒಳಗೆ ಗಾಳಿಯು ಸಿಕ್ಕಿಕೊಳ್ಳುವುದುಂಟು. ಅನೇಕ ಗಾಡಿಗಳಲ್ಲಿ ಇದನ್ನು ಹೊರಡಿಸುವುದಕ್ಕೆ ಬೇರೆ ತಿರುಪೇ ಇರುವುದು. ಹೀಟರನ್ನು ಪೂರ್ತಿ ತೆರೆದು, ಫ್ಯಾನು ಒಂದೆರಡು ಸಲ ತಿರುಗಿ ನಿಲ್ಲುವವರೆಗೆ ಇಂಜಿನ್ನನ್ನು ನಡೆಸಿ, ತಣ್ಣಗಾದ ಮೇಲೆ ಮಟ್ಟವನ್ನು ಮತ್ತೆ ನೋಡಬೇಕು. ಮೊದಲ ಒಂದೆರಡು ದಿವಸ ಮಟ್ಟವು ಸ್ವಲ್ಪ ಇಳಿದರೆ ಅದು ಗಾಳಿಯು ಹೋದದ್ದರಿಂದ, ಸೋರಿಕೆಯೆಂದು ಹೆದರಬೇಕಾಗಿಲ್ಲ.

ಹಳೆಯ ಕೂಲೆಂಟಿನ ವಿಷಯ

ತೆಗೆದ ಕೂಲೆಂಟನ್ನು ಕೊಟ್ಟಿಗೆಯ ಮೋರಿಗೋ, ಕೆರೆಯ ಕಡೆಗೋ, ಬಾವಿಯ ಬಳಿಯಲ್ಲಿಯೋ ಚೆಲ್ಲಕೂಡದು. ತೆರೆದ ಬೋಗುಣಿಯಲ್ಲಿಯೂ ಇಡಕೂಡದು. ಇದರ ರುಚಿಯು ಸಿಹಿಯಾದ್ದರಿಂದ ನಾಯಿಗಳೂ ದನಕರುಗಳೂ ನೆಕ್ಕುವುವು. ಮಕ್ಕಳು ಷರಬತ್ತೆಂದು ಕುಡಿದಾರು. ನಾಯಿಗೆ ಇದರ ಸಣ್ಣ ಪ್ರಮಾಣವೂ ಪ್ರಾಣಾಂತಿಕವಾಗಬಹುದು. ಶರೀರದಲ್ಲಿ ಇದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಮೂತ್ರಪಿಂಡಗಳಲ್ಲಿ ಹರಳುಗಟ್ಟಿ ಅವುಗಳನ್ನು ಕೆಡಿಸುವುದು. ಕುಡಿದ ಪ್ರಾಣಿಯು ಮೊದಲು ಮತ್ತೇರಿದಂತೆ ತೂರಾಡುವುದು; ಬಳಿಕ ಸ್ವಲ್ಪ ಚೇತರಿಸಿಕೊಂಡಂತೆಯೂ ಕಾಣುವುದುಂಟು; ಆಗ ಗುಣವಾಯಿತೆಂದು ಬಿಟ್ಟರೆ ಬದುಕುವ ಆಸೆಯಿಲ್ಲ. ಆದ್ದರಿಂದ ಕುಡಿದದ್ದು ತಿಳಿದ ಕೂಡಲೆ, ಲಕ್ಷಣಗಳು ಕಾಣುವ ಮೊದಲೇ, ಪಶುವೈದ್ಯರ ಬಳಿಗೂ, ಮನುಷ್ಯರಾದರೆ ದೊಡ್ಡಾಸ್ಪತ್ರೆಗೂ, ಕೂಲೆಂಟಿನ ಡಬ್ಬವನ್ನು ಜೊತೆಯಲ್ಲಿಯೇ ತೆಗೆದುಕೊಂಡು ಹೋಗತಕ್ಕದ್ದು. ಹಳೆಯ ಕೂಲೆಂಟನ್ನು ಬಿಗಿಯಾದ ಮುಚ್ಚಳದ ಕ್ಯಾನಿನಲ್ಲಿ ತುಂಬಿ, ಮೇಲೆ ವಿಷವೆಂದು ಬರೆದು, ಕೀಟನಾಶಕಗಳನ್ನಿಡುವ ಬೀಗದ ಕೋಣೆಯಲ್ಲಿ ಇಟ್ಟಿದ್ದು, ಅದನ್ನು ತೆಗೆದುಕೊಳ್ಳುವ ಗ್ಯಾರೇಜಿಗೆ ಒಪ್ಪಿಸಬೇಕು.